ಎರವಲು ತಂದ ಸಮುದ್ರ

ಬಿಸಿಲಿಗೆ ಕಾದ ಫರಸಿ ಕಲ್ಲಿನ ಮೇಲೆ ನೀರು ಬಿದ್ದಾಗ ಒಂದು ವಾಸನೆ ಬರುತ್ತದೆ. ಮಣ್ಣಿನ ವಾಸನೆಯಲ್ಲ. ಮೊದಲ ಮಳೆಯ ಮಣ್ಣಿನ ವಾಸನೆಯನ್ನು ಹೊಗಳಲು ಬೇಕಾದಷ್ಟು ಜನರಿದ್ದಾರೆ, ಅದಕ್ಕೆ ನನ್ನ ಅಗತ್ಯವಿಲ್ಲ. ಇದು ಬೇರೆ. ತುಸು ಸುಣ್ಣ, ತುಸು ಹೊಸ ಗಡಿಗೆ, ಅದರ ಹಿಂದೆ ಎಲ್ಲೋ ಬಹಳ ದೂರದಲ್ಲಿ ಒಂದು ಚಿಟಿಕೆ ಉಪ್ಪು. ಈ ಸಲದ ಬೇಸಿಗೆಯಲ್ಲಿ ಚಿತ್ತಾಪುರದ ಬಸ್ ನಿಲ್ದಾಣದ ಎದುರಿಗೆ ಹೋಟೆಲಿನವನೊಬ್ಬ ತನ್ನ ಅಂಗಡಿ ಮುಂದಿನ ಹಾಸುಗಲ್ಲುಗಳ ಮೇಲೆ ಒಂದು ಬಕೀಟು ನೀರು ಎರಚಿದ. ನಾನು ಸೇಡಂ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಐವತ್ತೆಂಟು ವಯಸ್ಸಿನ, ಮೊಣಕಾಲು ನೋವಿನ, ಮಕ್ಕಳಿಗೆ ಬೈದು ಬೈದು ಗಂಟಲು ಒಡೆದುಕೊಂಡ ಶಾಲೆಯ ಮಾಸ್ತರಬಾಯಿ ಮಾಯವಾಗಿ, ಎರಡು ಜಡೆಯ ಒಬ್ಬ ಹುಡುಗಿ ಅಲ್ಲಿ ನಿಂತಿದ್ದಳು. ಆ ಹುಡುಗಿಯ ಮನೆ ಸಮುದ್ರದ ದಂಡೆಯ ಮೇಲಿತ್ತು.

ನಗಬೇಡಿ. ಕಲಬುರಗಿ ಸೀಮೆಯವರಿಗೆ ಸಮುದ್ರ ಎಲ್ಲಿಂದ ಬಂತು ಎಂದು ನೀವು ಕೇಳುವುದು ನನಗೆ ಗೊತ್ತು, ಎಲ್ಲರೂ ಕೇಳಿದ್ದಾರೆ. ವಾಡಿಗೂ ಶಹಾಬಾದಿಗೂ ನಡುವೆ, ದೊಡ್ಡ ರಸ್ತೆಯಿಂದ ಒಂದು ಕೂಗಳತೆ ಒಳಗೆ, ಕಲ್ಲು ಒಡೆಯುವವರ ಒಂದು ಓಣಿ. ಅದರ ಹೆಸರು ಸಮುದ್ರದಂಡಿ. ಬಸ್ಸಿನ ಕಂಡಕ್ಟರ್ "ಸಮುದ್ರ ಇಳೀರ್ರಿ, ಸಮುದ್ರ!" ಎಂದೇ ಕೂಗುತ್ತಿದ್ದ. ನಮ್ಮ ಪತ್ರಗಳು ಅದೇ ವಿಳಾಸಕ್ಕೆ ಬರುತ್ತಿದ್ದವು. ಓಣಿಗೆ ಆ ಹೆಸರು ಹೇಗೆ ಬಂತು ಎನ್ನುವುದನ್ನು ಹೇಳಬಲ್ಲವರು ಈಗ ಇಬ್ಬರೇ ಉಳಿದಿದ್ದೇವೆ, ನಾನು ಮತ್ತು ಖಾಸೀಂ ಕಾಕಾ.

ನನ್ನ ಅಪ್ಪ ಕೆಲಸದ ಮೇಲೆ ಊರೂರು ತಿರುಗುತ್ತಿದ್ದುದರಿಂದ ನಾನು ಬೆಳೆದದ್ದು ಮುತ್ಯಾ ಮತ್ತು ಆಯಿಯ ಮನೆಯಲ್ಲಿ. ಅಪ್ಪನ ಅಪ್ಪ, ಅಪ್ಪನ ಅವ್ವ. ಆ ಮನೆ ಪೂರ್ತಿ ಕಲ್ಲಿನದು. ಗೋಡೆ ಕಲ್ಲು, ಮಾಳಿಗೆ ಕಲ್ಲು, ನೀರಿನ ಹೊಂಡ ಕಲ್ಲು, ಹಿಟ್ಟಿನ ಡಬ್ಬಿಯ ಮುಚ್ಚಳ ಕೂಡ ಕಲ್ಲು. ಮುತ್ಯಾ ಫರಸಿ ಖಣಿಯಲ್ಲಿ ಹಾಸು ಎಬ್ಬಿಸುವವನು, ಎಂದರೆ ನೆಲದೊಳಗೆ ಪದರು ಪದರಾಗಿ ಮಲಗಿದ ಕಲ್ಲನ್ನು ಒಡೆಯದಂತೆ ಬಿಡಿಸುವವನು. ಊರೂರಿನ ಜನರ ಮನೆಗೆ ಅವನು ತೆಗೆದ ಕನ್ನಡಿಯಂಥ ಕಲ್ಲು ಹೋಗುತ್ತಿತ್ತು. ನಮ್ಮ ಮನೆಗೆ ಬರುತ್ತಿದ್ದದ್ದು ಮೂಲೆ ಮುರಿದದ್ದು, ಬಿರುಕು ಬಿಟ್ಟದ್ದು. ಅಡುಗೆಮನೆಯ ನೆಲದಲ್ಲಿ ಎರಡು ಕಲ್ಲು ಒಂದೇ ಅಳತೆಯವು ಇರಲಿಲ್ಲ. ಬೇಸಿಗೆಯಲ್ಲಿ ಅದರ ಮೇಲೆ ಬರಿ ಬೆನ್ನು ಹಚ್ಚಿ ಮಲಗಿದರೆ ತಣ್ಣಗೆ ನಿದ್ದೆ ಬರುತ್ತಿತ್ತು. ಮುತ್ಯಾನ ಅಂಗೈ ಮುಟ್ಟಿದರೂ ಅದೇ ನೆಲವನ್ನು ಮುಟ್ಟಿದ ಹಾಗಿರುತ್ತಿತ್ತು.

ಆಯಿಯದು ಬೇರೆಯೇ ಧಾಟಿ. ಗಿಡ್ಡ, ಚುರುಕು, ಮೂಗಿನ ತುದಿಯಲ್ಲೇ ಸಿಟ್ಟು. ಅದು ನನಗೆ ಬಳುವಳಿಯಾಗಿ ಬಂದಿದೆ. ಅವಳಿಗೆ ಒಂದು ಕಟ್ಟಳೆ ಇತ್ತು. ಎರವಲು ತಂದದ್ದನ್ನು ಮರಳಿಸಬೇಕು, ಮರಳಿಸುವಾಗ ಬಟ್ಟಲು ಖಾಲಿ ಇರಬಾರದು. ಪಕ್ಕದ ಮನೆಯಿಂದ ಹೆಪ್ಪಿಗೆಂದು ಒಂದು ಚಮಚ ಮಜ್ಜಿಗೆ ತಂದರೆ ಆ ಬಟ್ಟಲಿನಲ್ಲಿ ನಾಲ್ಕು ಹುರಿದ ಶೇಂಗಾ ಹಾಕಿ ಕಳಿಸುವಳು. ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಎಸಳು ಕರಿಬೇವು. "ಖಾಲಿ ಬಟ್ಟಲಾ ಮರಳಿ ಕೊಟ್ರ ಕೊಟ್ಟವ್ರ ಮನಸ್ಸೂ ಖಾಲಿ ಆಗ್ತದ," ಎನ್ನುತ್ತಿದ್ದಳು. ಆ ಬಟ್ಟಲುಗಳನ್ನು ಹೊತ್ತು ಖಾಸೀಂ ಕಾಕಾನ ಮನೆಗೂ ನಮ್ಮ ಮನೆಗೂ ತಿರುಗುವುದು ನನ್ನ ಕೆಲಸವಾಗಿತ್ತು. ದಾರಿಯಲ್ಲಿ ಶೇಂಗಾ ಎರಡಾಗುತ್ತಿದ್ದವು, ಅದು ಬೇರೆ ಮಾತು.

ಖಾಸೀಂ ಕಾಕಾ ಮುತ್ಯಾನ ಜೋಡಿ ಆಳು, ಅವನಿಗಿಂತ ಬಹಳ ಚಿಕ್ಕವನು. ಕಲ್ಲಿನ ಮೇಲೆ ಸುತ್ತಿಗೆಯಿಂದ ಒಮ್ಮೆ ಮೆಲ್ಲಗೆ ಬಡಿದು, ಕಿವಿಗೊಟ್ಟು ಕೇಳಿ, "ಇದು ಬರ್ತದ ಅಣ್ಣಾ", "ಇದು ಒಡೀತದ ಅಣ್ಣಾ" ಎಂದು ಹೇಳುವನು. ಅವನ ಮಾತು ಸುಳ್ಳಾದದ್ದನ್ನು ನಾನು ನೋಡಿಲ್ಲ. ಓಣಿಯ ಹುಡುಗರೆಲ್ಲ ಅವನ ಹಾಗೆ ಕಲ್ಲಿಗೆ ಕಿವಿ ಹಚ್ಚಿ ಕೇಳುತ್ತಿದ್ದೆವು. ನಮಗೇನೂ ಕೇಳಿಸುತ್ತಿರಲಿಲ್ಲ, ಕಿವಿ ಮಾತ್ರ ಸುಡುತ್ತಿತ್ತು.

ನಾನು ಮೂರನೇ ಇಯತ್ತೆಯಲ್ಲಿದ್ದ ವರ್ಷ ನಮ್ಮ ಓಣಿಯ ನಾಲ್ಕು ಮನೆಯವರು ಬಸ್ಸು ಮಾಡಿಕೊಂಡು ಗೋಕರ್ಣಕ್ಕೆ ಹೋಗಿ ಬಂದರು. ಬಂದವರಲ್ಲಿ ಒಬ್ಬಾಕೆ ಆಯಿಗೆ ಒಂದು ಕಪ್ಪೆಚಿಪ್ಪು ಕೊಟ್ಟಳು. ಅಲ್ಲಿಗೆ ಶುರುವಾಯಿತು ನೋಡಿ. ರೊಟ್ಟಿ ಬಡಿಯುವಾಗ ಸಮುದ್ರ, ಹಪ್ಪಳ ಒಣಗಿಸುವಾಗ ಸಮುದ್ರ. "ದಂಡಿಗಿ ನಿಂತ್ರ ಆಚಿ ದಂಡಿನೇ ಕಾಣಂಗಿಲ್ಲಂತ. ಬಾಳೆಲ್ಲಾ ಈ ಧೂಳಿನಾಗ ಹೋತು. ನನಗ್ಯಾವಾಗ ಕರ್ಕೊಂಡು ಹೋಗ್ತೀರಿ?" ಎಂದು ಆಯಿ ಮುತ್ಯಾನ ಬೆನ್ನು ಹತ್ತಿದಳು. ಮುತ್ಯಾ ಬೀಡಿಯ ಹೊಗೆಯೊಳಗಿಂದ ನಕ್ಕು, "ಸಮುದ್ರ ಎಲ್ಲೀಗೂ ಹೋಗಂಗಿಲ್ಲ. ಗಡಿಬಿಡಿ ಯಾಕ?" ಎಂದ. ಆ ಮಾತಿಗೆ ಆಯಿ ಎರಡು ದಿನ ಮುನಿಸಿಕೊಂಡು, ಅವನ ತಾಟಿಗೆ ರೊಟ್ಟಿಯನ್ನು ಸಪ್ಪಳ ಮಾಡಿ ಹಾಕಿದಳು.

ಅದೇ ಬೇಸಿಗೆಯಲ್ಲಿ ಮುತ್ಯಾ ಕೆಲಸ ಮಾಡುತ್ತಿದ್ದ ಖಣಿ ಕೈಕೊಟ್ಟಿತು. ಮನೆಯ ಹಿಂದೆಯೇ ಇದ್ದ ಅಗಲವಾದ ಖಣಿ ಅದು. ಎರಡಾಳು ಆಳಕ್ಕೂ ಹೆಚ್ಚು ಇಳಿದಿದ್ದರು, ಒಳ್ಳೆಯ ಕಲ್ಲು ಬರುತ್ತಿತ್ತು. ಒಂದು ದಿನ ಹಾಸು ಎಬ್ಬಿಸಿದಾಗ ಕೆಳಗಿನ ಪದರು ಸಮನಾಗಿರಲಿಲ್ಲ. ಅದರ ಮೈಮೇಲೆ ಬೆರಳು ದಪ್ಪದ ಏರುತಗ್ಗುಗಳು, ಒಂದರ ಹಿಂದೆ ಒಂದು, ಹೊಸದಾಗಿ ಬಾಚಿದ ತಲೆಯ ಹಾಗೆ. ಇನ್ನೊಂದು ಮೂಲೆಯಲ್ಲಿ ಎಬ್ಬಿಸಿದರು, ಅಲ್ಲಿಯೂ ಹಾಗೆಯೇ. ಇಡೀ ಖಣಿಯ ತಳ ಹಾಗೆಯೇ. ಪಾಲಿಶಿಗೆ ಬಾರದ, ಸಮನಾಗಿ ಕೂಡದ ಕಲ್ಲು ಯಾರಿಗೆ ಬೇಕು? ಖಣಿಯ ಸಾವಕಾರ ಕೆಳಗಿಳಿದು ಬಂದು, ಆ ಗೆರೆಗಳನ್ನು ನೋಡಿ ತಲೆ ಮೇಲೆ ಕೈ ಹೊತ್ತ. "ಎಲ್ಲಿ ತನಕಾ ಅಗದೀರೋ ಮಾರಾಯಾ, ಸಮುದ್ರ ಹತ್ತೇದಲ್ಲೋ ಇದು!" ಎಂದು ಚೀರಿದ. ಖಾಸೀಂ ಕಾಕಾ ಸುಮ್ಮನಿರಬೇಕೋ ಬೇಡವೋ? "ಹೌದ್ರಿ ಸಾವಕಾರ್ರ. ಸಮುದ್ರೇ ಹತ್ತೇದ," ಎಂದ. ಚೇಷ್ಟೆಯಲ್ಲ, ಅವನು ಖರೇ ಹೇಳಿದ್ದ. ಹಿಂದೊಮ್ಮೆ ಯಾವುದೋ ಕಾಲೇಜಿನ ಮಾಸ್ತರರೊಬ್ಬರು ಮಕ್ಕಳನ್ನು ಕರೆತಂದು, ಆಟಿಕೆಯಂಥ ಸಣ್ಣ ಸುತ್ತಿಗೆಗಳಿಂದ ಕಲ್ಲು ಕುಟ್ಟಿ ನೋಡಿ, ಈ ಸೀಮೆಯೆಲ್ಲ ಒಂದಾನೊಂದು ಕಾಲಕ್ಕೆ ಕಡಲ ತಳವಾಗಿತ್ತು, ಈ ಫರಸಿಯೆಲ್ಲ ಆ ತಳದ ಕೆಸರು ಎಂದು ಕಾಕಾನಿಗೆ ಹೇಳಿದ್ದರು. ಎಲ್ಲರೂ ಮರೆತ ಆ ಮಾತನ್ನು ಕಾಕಾ ಮರೆತಿರಲಿಲ್ಲ.

ಸಾವಕಾರ ಕೆಲಸ ನಿಲ್ಲಿಸಿದ. ಆ ಸಂಜೆ ಮುತ್ಯಾ ಮನೆಗೆ ಬಂದು ಮುಖ ತೊಳೆಯಲಿಲ್ಲ, ಚಹಾ ಕೇಳಲಿಲ್ಲ. "ಏ, ಹೊಸಾ ಸೀರಿ ಉಟ್ಕೋ," ಎಂದ ಆಯಿಗೆ. ಆಯಿ ಬೆರಗಾದಳು. "ಯಾಕ್ರಿ, ಎಲ್ಲೀಗಿ?" "ಸಮುದ್ರಕ್ಕ." ಕೆಲಸ ಹೋದ ದುಃಖಕ್ಕೆ ಗಂಡನಿಗೆ ತಲೆ ಕೆಟ್ಟಿತೆಂದು ಅವಳಿಗೆ ಅನಿಸಿರಬೇಕು. ಆದರೂ ಟ್ರಂಕಿನಿಂದ ಹಸಿರು ಇಳಕಲ್ ಸೀರೆ ತೆಗೆದು ಉಟ್ಟಳು. ಮುತ್ಯಾ ಮುಂದೆ, ಅವಳು ಹಿಂದೆ, ನಾನು ಅವಳ ಸೆರಗು ಹಿಡಿದು. ಟ್ರ್ಯಾಕ್ಟರ್ ಇಳಿಯುವ ಇಳಿಜಾರಿನಿಂದ ಖಣಿಯ ತಳಕ್ಕೆ ಹೋದೆವು. ಕಾಕಾ ಆಗಲೇ ಎರಡು ಕೊಡ ನೀರು ಇಟ್ಟುಕೊಂಡು ಅಲ್ಲಿ ಕಾಯುತ್ತಿದ್ದ.

ಹೊತ್ತು ಇಳಿದಿತ್ತು. ಬಿಸಿಲು ಇಳಿಜಾರಿನ ಬಾಯಿಯಿಂದ ಓರೆಯಾಗಿ ಒಳಗೆ ಬಂದು ತಳದುದ್ದಕ್ಕೂ ಹಾಸಿತ್ತು. ಒಂದೊಂದು ಏಣಿನ ಬೆನ್ನ ಮೇಲೂ ಬೆಳಕು, ಒಂದೊಂದರ ಹಿಂದೆಯೂ ನೆರಳು. ಈ ಗೋಡೆಯಿಂದ ಆ ಗೋಡೆಯ ತನಕ ತೆರೆಗಳು, ತೆರೆಗಳು, ತೆರೆಗಳು. ಬಡಿಯುತ್ತ ಬಡಿಯುತ್ತ ಯಾರೋ "ನಿಲ್ಲು" ಎಂದಾಗ ನಿಂತುಬಿಟ್ಟ ತೆರೆಗಳು. ಕಾಕಾ ಒಂದು ಕೊಡವನ್ನು ಎತ್ತಿ ಸುರುವಿದ. ಬೂದು ಕಲ್ಲು ನೋಡನೋಡುತ್ತಲೇ ನೀಲಿಯಾಯಿತು, ನೀರು ಏಣುಗಳ ನಡುವೆ ಸರಸರ ಹರಿಯಿತು, ಮತ್ತು ದೇವರಾಣೆ, ನೆಲ ಅಲುಗಿತು. ಆಗ ಬಂದ ವಾಸನೆಯೇ ಅದು, ನಾನು ಮೊದಲಿಗೇ ಹೇಳಿದ್ದು. ನಾನು ಹೆದರಿ ಆಯಿಯ ಕಾಲು ತಬ್ಬಿಕೊಂಡೆ. ಅವಳು ಚಪ್ಪಲಿ ಕಳಚಿ ದೂರ ಇಟ್ಟು ಬಂದು, ಕುಕ್ಕುರುಗಾಲಲ್ಲಿ ಕುಳಿತು, ಒಂದು ತೆರೆಯ ಮೇಲೆ ಅಂಗೈ ಇಟ್ಟಳು.

"ಮೀನ ಎಲ್ಲವ ಖಾಸೀಂ?" ಎಂದು ಕೇಳಿದಳು. ಸಮುದ್ರ ಎಂದ ಮೇಲೆ ಮೀನು ಬೇಕಲ್ಲ.

"ಆಗಿನ್ನೂ ಮೀನಾ ಹುಟ್ಟಿದ್ದಿಲ್ಲಂತ್ರಿ ವೈನಿ. ಶಂಖಿಲ್ಲ, ಚಿಪ್ಪಿಲ್ಲ, ಮನಷಾ ಅಂತೂ ಇಲ್ಲೇ ಇಲ್ಲ. ಖಾಲಿ ನೀರು, ಖಾಲಿ ಗಾಳಿ."

ಆಯಿ ಕೈ ತೆಗೆಯಲಿಲ್ಲ. "ಯಾರೂ ಇಲ್ದಾಗ, ಯಾರ ಸಲುವಾಗಿ ಬಡೀತಿತ್ತೋ ಇದು?" ಎಂದಳು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ, ಇದಕ್ಕಿಂತ ದೊಡ್ಡ ಪ್ರಶ್ನೆಯನ್ನು ಯಾರೂ ನನಗೆ ಕೇಳಿಲ್ಲ.

ಹೊರಡುವ ಮುನ್ನ ಮುತ್ಯಾ ಕಲ್ಲು ಕಡಿಯುವ ಚಾಣ ತೆಗೆದ. ಅವಳಿಗಾಗಿ ಆ ತೆರೆಯ ಒಂದು ತುಂಡನ್ನು, ಚೌಕಾಗಿ, ಒಂದೂವರೆ ಮೊಳದ್ದು, ಬಿಡಿಸತೊಡಗಿದ. ಅಷ್ಟರಲ್ಲಿ ಆಯಿಗೆ ತನ್ನ ಕಟ್ಟಳೆ ನೆನಪಾಯಿತು. "ಕೇಳದೇ ಒಯ್ದ್ರ ಕಳವು ಆಗ್ತದ. ಎರವಲಾ ಅಂತ ಹೇಳ್ರಿ ಮೊದಲ." "ಯಾರಿಗಿ ಹೇಳಲಿ?" "ಯಾರದದೋ ಅವ್ರಿಗಿ." ಐವತ್ತು ದಾಟಿದ, ಯಾವ ದೇವರಿಗೂ ಬಾಯಿಬಿಟ್ಟು ಏನೂ ಬೇಡದ ನನ್ನ ಮುತ್ಯಾ, ಖಣಿಯ ನಡುವೆ ನಿಂತು, ಖಾಲಿ ಗೋಡೆಗಳ ಕಡೆ ನೋಡಿ ಜೋರಾಗಿ ಹೇಳಿದ: "ಎರವಲಾ ಒಯ್ಲಿಕತ್ತೀನಿ. ಇದರ ಜಾಗಾಕ್ಕೇ ತಂದು ಇಡ್ತೀನಿ. ನನಗಾಗಲಿಲ್ಲಂದ್ರ ಈ ಕೂಸು ತಂದು ಇಡ್ತದ." ಎಂದು ನನ್ನ ತಲೆಯ ಮೇಲೆ ಕೈ ಇಟ್ಟ. ಗೋಡೆಗಳು ಅದೇ ಮಾತನ್ನು ಒಮ್ಮೆ ತಿರುಗಿ ಹೇಳಿದವು. ಹೀಗೆ, ನನ್ನನ್ನು ಯಾರೂ ಕೇಳದೆಯೇ, ನಾನು ಸಮುದ್ರಕ್ಕೆ ಮಾತು ಕೊಟ್ಟವಳಾದೆ.

ಆ ಮಳೆಗಾಲ ಖಣಿ ತುಂಬಿತು, ಮತ್ತೆ ಎಂದೂ ಬತ್ತಲಿಲ್ಲ. ಸಾವಕಾರ ಸಿಟ್ಟಿನಲ್ಲಿ ಆಡಿದ ಮಾತೇ ಅದರ ಹೆಸರಾಯಿತು. ಹೆಂಗಸರು "ಸಮುದ್ರಕ್ಕ ಅರಬಿ ಒಗೀಲಿಕ್ಕಿ ಹೋಗ್ತೀನಿ" ಎನ್ನುವರು. ಎಳ್ಳಮಾವಾಸ್ಯೆಗೆ ಊರವರೆಲ್ಲ ತಮ್ಮ ತಮ್ಮ ಹೊಲಕ್ಕೆ ಹೋಗಿ ಅಡಿಗೆಯ ಮೊದಲ ತುತ್ತನ್ನು ಭೂಮಿತಾಯಿಗೆ ಚರಗವೆಂದು ಚೆಲ್ಲಿದರೆ, ಹೊಲವಿಲ್ಲದ ನಮ್ಮ ಓಣಿಯವರು ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಅದರ ದಂಡೆಗೆ ಹೋಗಿ ನೀರಿಗೆ ಚರಗ ಚೆಲ್ಲಿ, ಅಲ್ಲೇ ಕುಳಿತು ಉಣ್ಣುತ್ತಿದ್ದೆವು. ಖಾಸೀಂ ಕಾಕಾನ ಮನೆಯವರು ಭಜ್ಜಿಗೆ ಬಂದೇ ಬರುವರು. ಹೊರಗಿನವರು ನಕ್ಕರೆ ನಮ್ಮವರಿಗೆ ಸಿಟ್ಟು ಬರುತ್ತಿತ್ತು. ಆ ನೀರು ಹಳೆಯ ಸಮುದ್ರದ ತಳದ ಮೇಲೇ ನಿಂತಿದೆ ಎನ್ನುವುದು ನಮಗೆ ಗೊತ್ತಿತ್ತಲ್ಲ. ಗೋಕರ್ಣಕ್ಕೆ ಹೋಗುವ ಮಾತನ್ನು ಆಯಿ ಮತ್ತೆ ಎತ್ತಲೇ ಇಲ್ಲ. ತೆರೆಕಲ್ಲನ್ನು ಪಡಸಾಲೆಯಲ್ಲಿ ಹಾಕಿದರು. ಅದರ ಮೇಲೆ ಕುಳ್ಳಿರಿಸಿಯೇ ಆಯಿ ನನ್ನ ತಲೆ ಬಾಚುತ್ತಿದ್ದಳು. ಎಣ್ಣೆಯ ಕೈ ತಲೆಯ ಮೇಲೆ, ಕುಂಡಿಯ ಕೆಳಗೆ ಸಮುದ್ರ ಚುಚ್ಚುತ್ತಿತ್ತು. ಅಲುಗಾಡಿದರೆ ಬಾಚಣಿಕೆಯಿಂದ ಒಂದು ಏಟು.

ಮುತ್ಯಾ ಹೋದ. ನಾನು ಓದಿ, ಮಾಸ್ತರಿಕೆ ಹಿಡಿದು ಸೇಡಂ ಸೇರಿದೆ. ಆಯಿ ತನ್ನ ಕೊನೆಯ ವರ್ಷ ನನ್ನ ಹತ್ತಿರ ಬರುವಾಗ ಎರಡು ಸೀರೆ, ಒಂದು ಕಪ್ಪೆಚಿಪ್ಪು ಮತ್ತು ಆ ಕಲ್ಲನ್ನು ತಂದಳು. ಅದರ ಮರುವರ್ಷ ಓಣಿಯೊಳಗಿನ ರಸ್ತೆ ಅಗಲವಾಗುವಾಗ ಆ ಮನೆಯೂ ಹೋಯಿತು. ಗೋಡೆ ಬಿದ್ದ ದಿನ ನಾನು ಹೋಗಲಿಲ್ಲ, ಹೋಗಲು ಧೈರ್ಯವಾಗಲಿಲ್ಲ. ಆಯಿ ಅದನ್ನು ನೋಡದೆ ಹೋದಳು ಎನ್ನುವುದೇ ಸಮಾಧಾನ. ಹೋಗುವ ಎರಡು ದಿನ ಮುಂಚೆ, ಯಾರ ಗುರುತೂ ಸರಿಯಾಗಿ ಸಿಗದ ಹೊತ್ತಿನಲ್ಲಿ, ನನ್ನ ಮಣಿಕಟ್ಟು ಹಿಡಿದು ಹೇಳಿದಳು: "ನೀಲಾ, ಆ ಕಲ್ಲ ಎರವಲಾ ತಂದಿದ್ದು. ಮರೀಬ್ಯಾಡ." ನಾನು ಮರೆಯಲಿಲ್ಲ. ಆದರೆ ಮರಳಿಸುವುದು ಹೇಗೆ? ಎರಡಾಳು ನೀರಿನ ತಳದಲ್ಲಿ ಅದರ ಜಾಗವಿತ್ತು. ದಂಡೆಯಲ್ಲಿ ನಿಂತು ನೀರಿಗೆ ಒಗೆದರೆ ಅದು ಮರಳಿಸಿದಂತಲ್ಲ, ಚೆಲ್ಲಿದಂತೆ. ಜಾಗಕ್ಕೇ ಇಡುತ್ತೇನೆ ಎಂದಿದ್ದ ಮುತ್ಯಾ. ಕಲ್ಲು ನನ್ನ ಹಿತ್ತಲಿನಲ್ಲಿ ಉಳಿಯಿತು. ಅದನ್ನು ನೋಡಿದಾಗಲೆಲ್ಲ ಮುಖ ತಪ್ಪಿಸಿಕೊಳ್ಳುವಂತಾಗುತ್ತಿತ್ತು.

ಚಿತ್ತಾಪುರದಲ್ಲಿ ಆ ವಾಸನೆ ಬಂದ ದಿನವೇ ಖಾಸೀಂ ಕಾಕಾನ ಫೋನು ಬಂತು. ಅವನಿಗೆ ಈಗ ಎಂಬತ್ತರ ಹತ್ತಿರ, ಕಣ್ಣಿಗೆ ಪೊರೆ. "ಬಾ ಅವ್ವಾ ನೀಲಾ. ಖಣಿ ಜಾಗಾ ಮಾರ್ಯಾರ. ತಗೊಂಡವ್ರು ಮಣ್ಣ ತುಂಬಿ ಗೋದಾಮು ಕಟ್ತಾರಂತ. ನಾಳಿಗಿ ಯಾರೋ ನಮ್ಮ ಅಭಿಪ್ರಾಯ ಕೇಳಾಕ ಬರ್ಲಿಕತ್ತಾರ. ನೀ ಕಲತಾಕಿ, ನೀ ಇರಬೇಕು." ಸೇಡಂ ಬಸ್ಸು ಬಿಟ್ಟು ವಾಡಿಯ ಬಸ್ಸು ಹತ್ತಿದೆ.

ಬಂದವಳು ಪಾಪ, ಇಪ್ಪತ್ತೆರಡರ ಒಬ್ಬ ಹುಡುಗಿ, ಕೈಯಲ್ಲಿ ಅಚ್ಚು ಹಾಕಿದ ಹಾಳೆಗಳು. ಮೇಲೆ ದಪ್ಪಕ್ಷರದಲ್ಲಿ, "ಕಡಲತೀರದ ಪಟ್ಟಣದಲ್ಲಾಗುತ್ತಿರುವ ಬದಲಾವಣೆಗಳ ಕುರಿತು ಸ್ಥಳೀಯ ನಿವಾಸಿಗಳ ಅಭಿಪ್ರಾಯ." ಯಾವುದೋ ಪಟ್ಟಿಯಲ್ಲಿ ನಮ್ಮ ಓಣಿಯ ಹೆಸರು ನೋಡಿ ಯಾರೋ ಜಾಣರು ಕಡಲೂರುಗಳ ಹಾಳೆಯನ್ನು ನಮಗೆ ಕಳಿಸಿದ್ದರು. ಹುಡುಗಿ ಬಸ್ಸಿನಿಂದ ಇಳಿದು ಸುತ್ತ ನೋಡಿ ಅಳುವಂತಾಗಿದ್ದಳು. ನಾನು "ತಪ್ಪಾಗಿದೆ, ಹೋಗಿಬಿಡಮ್ಮ" ಎನ್ನುವವಳಿದ್ದೆ. ಆದರೆ ನಮ್ಮ ಜನಕ್ಕೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಸಮುದ್ರದ ಬಗ್ಗೆ ಕೇಳಲು ಬಂದಿದ್ದಾರೆ, ಹೇಳಬೇಕು. ಬೇವಿನ ಗಿಡದ ಕೆಳಗೆ ಕುರ್ಚಿ ಬಂತು, ಚಹಾ ಬಂತು, "ಕುಂದ್ರಿ ಬಾಯೋರ, ಕೇಳ್ರಿ" ಎಂದರು.

ಅವಳು ಓದಿದಳು: "ಇತ್ತೀಚಿನ ವರ್ಷಗಳಲ್ಲಿ ಸಮುದ್ರದ ಮಟ್ಟದಲ್ಲಿ ವ್ಯತ್ಯಾಸ ಕಂಡಿದ್ದೀರಾ?" ಗಿರಣಿಯ ಮಹಾದೇವಿ ಕೂಡಲೇ, "ಕಂಡೀವ್ರಿ. ಬ್ಯಾಸಗ್ಯಾಗ ನಾಕ ಮೆಟ್ಲ ತೆಳಗ ಇಳೀತದ," ಎಂದಳು. "ಮೀನುಗಾರಿಕೆಯ ಸ್ಥಿತಿ?" ಹಿಂದಿನಿಂದ ಯಾರೋ, "ನಮ್ಮ ಭಾವ ಗಾಳಾ ಹಾಕ್ಕೊಂಡು ಕುಂದ್ರತಾನ್ರಿ. ಮೀನಾ ಬಂದಿದ್ದು ಯಾರೂ ನೋಡಿಲ್ಲ, ಭಾವ ಮನಿಗಿ ಬಂದಿದ್ದೂ ಯಾರೂ ನೋಡಿಲ್ಲ," ಎಂದಾಗ ನಗುವೋ ನಗು. ಹುಡುಗಿಯೂ ನಕ್ಕಳು. ಆಮೇಲೆ, "ಕಡಲ್ಕೊರೆತದಿಂದ ತೊಂದರೆ ಆಗಿದೆಯಾ?" ಎಂದಳು. ಹಾಗೆಂದರೇನು ಎಂದು ಕಾಕಾ ಕೇಳಿದ. ಸಮುದ್ರವು ದಂಡೆಯನ್ನು ಕೊರೆದು ತಿನ್ನುವುದು ಎಂದು ನಾನು ಹೇಳಿದೆ. ಕಾಕಾ, "ನಮ್ಮ ಕಡಿ ಉಲ್ಟಾ ಅದ, ಬರ್ಕೋ ಅವ್ವಾ. ಇಲ್ಲಿ ದಂಡಿಯವ್ರೇ ಸಮುದ್ರ ಕೊರದು ತಿಂದೀವಿ. ಅದು ನಮಗ ಏನೂ ಅಂದಿಲ್ಲ," ಎಂದ.

ಎಲ್ಲರೂ ನನ್ನ ಹಾಗೆ ಸಮುದ್ರ ಸಮುದ್ರ ಎಂದು ಹಂಬಲಿಸುವವರೇ ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಮಹಾದೇವಿ ನೇರವಾಗಿ ಹೇಳಿದಳು: "ಮುಚ್ಚಲಿ ಬಿಡ್ರಿ. ಸೊಳ್ಳಿ ಕಡಸ್ಕೊಂಡು ಕಡಸ್ಕೊಂಡು ಸಾಕಾಗ್ಯದ. ಸಣ್ಣ ಹುಡುಗ್ರು ದಂಡಿಗಿ ಹೋದ್ರ ಜೀವಾ ಬಾಯಿಗಿ ಬರ್ತದ. ಗೋದಾಮು ಆದ್ರ ನಮ್ಮ ಪೋರಗೋಳಿಗಿ ಕೆಲಸಾನರ ಸಿಗ್ತದ. ನೀಲಕ್ಕ ಸೇಡಂದಾಗ ಇರ್ತಾಳ, ಆಕಿಗೇನು?" ನನಗೆ ಚುರ್ರೆಂದಿತು. ಆಕೆ ಹೇಳಿದ್ದರಲ್ಲಿ ತಪ್ಪೇನಿದೆ? ನೆನಪು ನನಗೆ, ಸೊಳ್ಳೆ ಅವಳಿಗೆ.

ಕೊನೆಯ ಪ್ರಶ್ನೆ, "ನಿಮ್ಮ ಮನೆ ಸಮುದ್ರದಿಂದ ಎಷ್ಟು ದೂರ?" ಒಬ್ಬರು ನೂರು ಹೆಜ್ಜೆ ಎಂದರು, ಒಬ್ಬರು ಇನ್ನೂರು ಎಂದರು. ಹುಡುಗಿ ಕಾಕಾನ ಕಡೆ ನೋಡಿದಳು. ಕಾಕಾ ತನ್ನ ಕೋಲಿನಿಂದ ಕುರ್ಚಿಯ ಕೆಳಗಿನ ಹಾಸುಗಲ್ಲಿಗೆ ಟಕ್ ಟಕ್ ಎಂದು ಎರಡು ಸಲ ಬಡಿದ. "ದೂರ ಎಲ್ಲದವ್ವಾ? ನೀನೂ ಅದರ ಮ್ಯಾಗೇ ಕುಂತೀದಿ. ಸೇಡಂ, ಚಿತ್ತಾಪುರ, ಶಾಬಾದ, ಎಲ್ಲಾ ಅದರ ಮ್ಯಾಗೇ ಕುಂತಾವ." ಹುಡುಗಿ ಪೆನ್ನು ಹಿಡಿದವಳು ಕೆಳಗೆ ನೋಡಿ, ಮೆಲ್ಲಗೆ ಚಪ್ಪಲಿಯಿಂದ ಕಾಲು ಹೊರಗೆ ತೆಗೆದಳು. ಅದನ್ನು ನಾನು ನೋಡಿದೆ. ಆ ಖಾಲಿ ಜಾಗದಲ್ಲಿ ಅವಳು ಏನು ಬರೆದಳೋ, ಆ ಹಾಳೆ ಎಲ್ಲಿಗೆ ಹೋಯಿತೋ ತಿಳಿಯದು.

ತಿಂಗಳೊಪ್ಪತ್ತಿನಲ್ಲಿ ಮತ್ತೆ ಕಾಕಾನ ಫೋನು. "ಮೋಟರ್ ಹಚ್ಚಿ ನೀರು ಜಗ್ಲಿಕತ್ತಾರ. ನಾಡದ್ದು ತಳಾ ಕಾಣ್ತದ. ಆಚಿ ನಾಡದ್ದು ಮಣ್ಣ ಬೀಳ್ತದ. ನಡುವ ಒಂದೇ ದಿನ ಅದ ನೀಲಾ. ಎರವಲಾ ತೀರಸಂಗಿದ್ರ ಈಗೇ ತೀರಸು." ಕಲ್ಲನ್ನು ತೊಳೆದು, ಗೋಣಿಚೀಲದಲ್ಲಿ ಸುತ್ತಿ, ಟಂಟಂ ಗಾಡಿಗೆ ಹೇರಿಸಿದೆ. ಖಾಲಿ ಮರಳಿಸಬಾರದಲ್ಲ, ಒಂದು ಡಬ್ಬಿಯಲ್ಲಿ ಭಜ್ಜಿ ಮಾಡಿ, ಎರಡು ಸಜ್ಜೆ ರೊಟ್ಟಿ ಕಟ್ಟಿಕೊಂಡೆ. ಬೇಸಿಗೆಯಲ್ಲಿ ಎಳ್ಳಮಾವಾಸ್ಯೆಯ ಅಡಿಗೆ! ಗಾಡಿಯವನು ಒಂದು ಸಲ ಡಬ್ಬಿಯನ್ನೂ ಒಂದು ಸಲ ನನ್ನನ್ನೂ ನೋಡಿ ಗಾಡಿ ಚಾಲೂ ಮಾಡಿದ. ದಾರಿಯುದ್ದಕ್ಕೂ ಚೀಲದ ಮೇಲೆ ಕೈ ಇಟ್ಟು ಕುಳಿತಿದ್ದೆ. ಕೊಡಲಿಕ್ಕೆ ಹೊರಟವಳಿಗೆ ಬಿಡಲಿಕ್ಕೆ ಮನಸ್ಸಿರಲಿಲ್ಲ. ಆಯಿ ಕುಳಿತ ಕಲ್ಲು, ನನ್ನ ಬಾಲ್ಯದಲ್ಲಿ ಕೈಗೆ ಸಿಗುವಂಥದ್ದು ಅದೊಂದೇ ಉಳಿದಿತ್ತು.

ಅದೇ ಇಳಿಜಾರಿನಲ್ಲಿ, ಅದೇ ಇಳಿಹೊತ್ತಿನಲ್ಲಿ, ಕಾಕಾನ ತೋಳು ಹಿಡಿದು ಇಳಿದೆ. ಗಾಡಿಯವನು ಕಲ್ಲು ಹೊತ್ತು ಹಿಂದೆ ಬಂದ. ತಳ ಕಂಡಿತ್ತು. ಅಲ್ಲಲ್ಲಿ ಕೆಸರು, ಅಲ್ಲಲ್ಲಿ ತೊಳೆದಿಟ್ಟಂತೆ ಬರಿಗಲ್ಲು, ಹಸಿಹಸಿ ನೀಲಿ. ತೆರೆಗಳು ಹಾಗೆಯೇ ಇದ್ದವು. ಐವತ್ತು ವರ್ಷ ನನಗೆ ಎಷ್ಟೊಂದು ದೊಡ್ಡದು! ನನ್ನ ಕೂದಲು ಬೆಳ್ಳಗಾಗಿದೆ, ಮನೆ ಮಣ್ಣಾಗಿದೆ, ಇಬ್ಬರು ಇಲ್ಲವಾಗಿದ್ದಾರೆ. ಇವಕ್ಕೆ ಅದು ಒಂದು ಕಣ್ರೆಪ್ಪೆ ಬಡಿದಷ್ಟೂ ಅಲ್ಲ. ನಾನು ಅಲ್ಲೇ ನಿಂತುಬಿಟ್ಟೆ. ಎಂಟನೆಯ ವಯಸ್ಸಿನಲ್ಲಿ ಆದ ಅದೇ ಹೆದರಿಕೆ ಆಯಿತು, ಈ ಸಲ ತಬ್ಬಿಕೊಳ್ಳಲು ಕಾಲುಗಳಿರಲಿಲ್ಲ.

ಕಾಕಾನಿಗೆ ಕಣ್ಣು ಕಾಣದು. ಗೋಡೆಯಿಂದ ಹೆಜ್ಜೆ ಎಣಿಸುತ್ತ, ಕೋಲಿನಿಂದ ಬಡಿಯುತ್ತ ಹೊರಟ. ಟಕ್, ಟಕ್, ಟಕ್. ಒಂದು ಕಡೆ 'ಥಪ್' ಎಂದಿತು. ಇನ್ನೊಮ್ಮೆ ಬಡಿದು, "ಇಲ್ಲದ ನೋಡು. ಇಲ್ಲಿ ಕಲ್ಲ ಮಾತಾಡವಲ್ದು," ಎಂದ. ನಾನು ಕುಳಿತು ಅಂಚಿನ ಕೆಸರು ಒರೆಸಿದೆ. ಚೌಕದ ಗೆರೆ, ಮುತ್ಯಾನ ಚಾಣದ ಹಲ್ಲುಗಳ ಗುರುತು ಒಂದೊಂದೂ ಕಂಡಿತು. ಆದರೆ ಗುಂಡಿ ಖಾಲಿ ಇರಲಿಲ್ಲ. ಅಷ್ಟು ವರ್ಷದ ಸಣ್ಣ ಕೆಸರು ಅದರಲ್ಲಿ ಅಂಚಿನ ತನಕ ಬಂದು ಕುಳಿತಿತ್ತು. ನೀರು ಇಳಿಯುವಾಗ ಕೊನೆಯ ತೆಳ್ಳನೆ ನೀರನ್ನು ಗಾಳಿ ಆಚೆ ಈಚೆ ತಳ್ಳಿರಬೇಕು; ಆ ಮೆತ್ತನೆಯ ಮೈಮೇಲೆ ಸಾಲಾಗಿ ಎದ್ದಿದ್ದವು, ಸಣ್ಣ ಸಣ್ಣ, ಹೊಚ್ಚ ಹೊಸ ತೆರೆಗಳು.

ಸುತ್ತ ಯಾವುದೋ ಕಾಲದ ಕಲ್ಲಿನ ತೆರೆ, ನಡುವೆ ಒಂದೂವರೆ ಮೊಳದಲ್ಲಿ ಮೊನ್ನೆಯ ಕೆಸರಿನ ತೆರೆ. ಅಳತೆಯಲ್ಲಿ ತುಸು ಸಣ್ಣವು, ಆಕಾರ ಅದೇ. ಕಾಕಾನ ಕೈ ಹಿಡಿದು ಅವನ ಬೆರಳ ತುದಿಯನ್ನು ಅದರ ಮೇಲೆ, ಕೆಡದ ಹಾಗೆ, ತಾಗಿಸಿದೆ. "ಯಾ ಅಲ್ಲಾ," ಎಂದ ಮೊದಲು. ಆಮೇಲೆ ನಕ್ಕ, ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕ. "ನೋಡಿದ್ಯಾ ಇದರ ಬುದ್ಧಿ! ಖಾಸ ನಿಮ್ಮ ಆಯಿದೇ. ಬಟ್ಟಲಾ ಖಾಲಿ ಇಡಲಿಲ್ಲ ನೋಡು."

ಗಾಡಿಯವನು ಕಲ್ಲನ್ನು ಹೊತ್ತು ನಿಂತೇ ಇದ್ದ. "ಇಲ್ಲಿ ಇಡ್ಲ್ಯಾ ಅಕ್ಕೋರ?" ಎಂದ. ಇಟ್ಟರೆ ಆ ಹೊಸ ತೆರೆಗಳು ಅಪ್ಪಚ್ಚಿಯಾಗುತ್ತಿದ್ದವು. ಇಡದಿದ್ದರೆ ಮಾತು ತಪ್ಪುತ್ತಿತ್ತು. ನಾನು ಕಾಕಾನ ಮುಖ ನೋಡಿದೆ. ಕಾಕಾ ತಲೆ ಅಲ್ಲಾಡಿಸಿದ. "ಬ್ಯಾಡವ್ವಾ. ಹೊಸಾದು ಮುರದು ಹಳೇದು ಮರಳಿಸಿದ್ರ ಅದರಾಗ ಯಾರಿಗಿ ಸುಖ? ಒಯ್ದು ಇಟ್ಕೋ. ಅದು ಕೇಳಿದಾಗ ಕೊಡೂನಂತ."

ನಾವು ಮೂವರೂ ಅಲ್ಲೇ ಕುಳಿತು ಭಜ್ಜಿ ರೊಟ್ಟಿ ತಿಂದೆವು. ಮೊದಲ ತುತ್ತನ್ನು ನಾನು ಆಚೆಯ ಬರಿಗಲ್ಲಿನ ಮೇಲೆ ಚರಗ ಚೆಲ್ಲಿದೆ. ಬೆಳಗಾದರೆ ಮೇಲಿನಿಂದ ಲಾರಿಗಟ್ಟಲೆ ಮಣ್ಣು ಬೀಳುವುದಿತ್ತು. ಮಾಸ್ತರಬಾಯಿಯ ಬುದ್ಧಿ ಸುಮ್ಮನಿರುವುದಿಲ್ಲವಲ್ಲ, ಹಳೆಯ ತೆರೆಗಳು ಉಳಿದದ್ದೂ ಹೀಗೆಯೇ, ಯಾವಾಗಲೋ ಕೆಸರು ಬಂದು ಅವನ್ನು ಮುಚ್ಚಿದ್ದಕ್ಕೇ ಎಂದು ನೆನಪಾಯಿತು. "ಕಾಕಾ, ಈ ಮೆತ್ತನ್ನ ತೆರಿ ಕಲ್ಲ ಆಗಲಿಕ್ಕಿ ಎಷ್ಟು ದಿನಾ ಬೇಕಾಗಬಹುದು?" ಎಂದು ಕೇಳಿದೆ.

ಕಾಕಾ ರೊಟ್ಟಿಯ ಕೊನೆಯ ತುಂಡಿನಿಂದ ಡಬ್ಬಿ ಒರೆಸಿ ಬಾಯಿಗೆ ಹಾಕಿಕೊಂಡ. "ಸಮುದ್ರ ಎಲ್ಲೀಗೂ ಹೋಗಂಗಿಲ್ಲ," ಎಂದ. "ಗಡಿಬಿಡಿ ಯಾಕ?" ಅದೇ ಮಾತು, ಮುತ್ಯಾನ ಅದೇ ಧಾಟಿ. ನಾನು ಅಲ್ಲಿಯ ತನಕ ತಡೆದುಕೊಂಡಿದ್ದವಳು ಆಗ ಅತ್ತುಬಿಟ್ಟೆ.

ಈಗ ಅಲ್ಲಿ ಗೋದಾಮಿನ ಗೋಡೆ ಏಳುತ್ತಿದೆ. ಕಂಡಕ್ಟರ್ ಇನ್ನೂ "ಸಮುದ್ರ ಇಳೀರ್ರಿ" ಎಂದೇ ಕೂಗುತ್ತಾನೆ. ಮಹಾದೇವಿಯ ಮಗನಿಗೆ ಕೆಲಸ ಸಿಕ್ಕಿದೆ ಎಂದು ಕೇಳಿದೆ, ಒಳ್ಳೆಯದಾಯಿತು. ಕಲ್ಲು ನನ್ನ ಹಿತ್ತಲಿಗೆ ಮರಳಿದೆ. ಈಗ ಅದನ್ನು ನೋಡಿ ಮುಖ ತಪ್ಪಿಸಿಕೊಳ್ಳುವುದಿಲ್ಲ. ಬಿಸಿಲು ಏರಿದ ಮೇಲೆ ಒಂದು ತಂಬಿಗೆ ನೀರು ಸುರಿಯುತ್ತೇನೆ, ವಾಸನೆ ಏಳುತ್ತದೆ, ಕಲ್ಲು ನೀಲಿಯಾಗಿ ಒಂದು ಗಳಿಗೆ ಅಲುಗುತ್ತದೆ. ಯಾರೂ ಇಲ್ಲದಾಗ ಯಾರ ಸಲುವಾಗಿ ಬಡಿಯುತ್ತಿತ್ತು ಎಂದು ಕೇಳಿದ್ದೆಯಲ್ಲ ಆಯಿ, ನಿನ್ನ ಸಲುವಾಗಿಯೇ ಇರಬೇಕು. ಅಷ್ಟು ಕಾಲ ತಡೆದು ನಿಂತಿತ್ತು, ಒಂದು ಸಂಜೆ ನೀನು ಹಸಿರು ಸೀರೆ ಉಟ್ಟು, ಚಪ್ಪಲಿ ಬಿಟ್ಟು ಬರುವ ತನಕ.